ಅಪ್‌ಡೇಟ್: ಮಂಟಪವನ್ನು ಹಳೇ ಗೋಡೆಗೆ ಒರಗಿಸಲಿಲ್ಲ

ಇಂಗ್ಲೆಂಡಿನಲ್ಲಿ ಸುತ್ತ ಹಳೇ ಇಟ್ಟಿಗೆ ಗೋಡೆಯಿರುವ ಒಂದು ತೋಟಕ್ಕೆ ಹೊಸ ಮಂಟಪ ಡಿಸೈನ್ ಮಾಡ್ತಿದ್ದೇನೆ, ಬಿಸಿಲು ಗೋಡೆಗೆ ಒರಗಿಸಲಾ ಅಂತ ಕೇಳಿದ್ದೆನಲ್ಲ, ಅದನ್ನು ಕೈಬಿಟ್ಟೆ. ದಕ್ಷಿಣಕ್ಕೆ ಮುಖ ಮಾಡಿದ ಆ ಗೋಡೆ ಹಗಲೆಲ್ಲ ಬಿಸಿಲು ಹೀರಿಕೊಂಡು ರಾತ್ರಿ ಬಿಸಿ ಬಿಡುತ್ತದೆ, ಅದಕ್ಕೇ ಹಿಂದಿನವರು ಅಲ್ಲಿ ಪೀಚ್, ಅಂಜೂರ ಹಬ್ಬಿಸುತ್ತಿದ್ದರು. ನಾಲ್ಕು ಕುರ್ಚಿ ಹಾಕೋಕೆ ಅದನ್ನು ಮುಚ್ಚಿದರೆ ಹೇಗೆ? ಮೇಲಾಗಿ ಗೋಡೆಯೊಳಗೆ ಹೊಗೆ ಹೋಗುವ ಪೊಳ್ಳು ದಾರಿಗಳಿವೆ, ಒಲೆ ಉರಿಸಿ ಗೋಡೆಯನ್ನೇ ಕಾಯಿಸುತ್ತಿದ್ದರಂತೆ! ಮೊಳೆ ಹೊಡೆಯೋಕೂ ಮನಸ್ಸಾಗಲಿಲ್ಲ.

ಈಗ ಎದುರುಗಡೆಯ ನೆರಳು ಗೋಡೆಯ ಪಕ್ಕ, ಅದನ್ನು ಮುಟ್ಟದ ಹಾಗೆ, ಓಕ್ ಮರದ ಹಗುರ ಚೌಕಟ್ಟು. ಅಲ್ಲಿ ಕೂತರೆ ಬಿಸಿಲು ಗೋಡೆ ಪೂರ್ತಿ ಕಾಣುತ್ತದೆ. ಅನುಮತಿ ಮಾತ್ರ ಬೇಕೇ ಬೇಕು. ತೋಟದ ಮುಖ್ಯ ಮನೆ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದೆ, ಅಲ್ಲಿನ ಕಾನೂನಿನ ಪ್ರಕಾರ 1948ರ ಜುಲೈ 1ಕ್ಕೂ ಮೊದಲಿನಿಂದ ಆವರಣದಲ್ಲಿರುವ ಗೋಡೆಗೂ ಅದೇ ರಕ್ಷಣೆ. ಅರ್ಜಿ ಹಾಕಿ ಕಾಯ್ತಿದ್ದೇನೆ.