ಅಪ್‌ಡೇಟ್: ಟೆನೆರಿಫೆಯಲ್ಲಿ ಮಗು ಜೊತೆ ಹೋಟೆಲ್, ಕೊನೆಗೆ ಏನಾಯ್ತು

ಲಂಡನ್ನಿನಿಂದ ಡಿಸೆಂಬರ್ ರಜಕ್ಕೆ ಸ್ಪೇನ್‌ನ ಟೆನೆರಿಫೆ ದ್ವೀಪಕ್ಕೆ ಹೊರಟಿದ್ದೇವೆ, ನಾಲ್ಕು ವರ್ಷದ ಮಗಳು, ಅಪ್ಪಟ ಸಸ್ಯಾಹಾರಿ ಅತ್ತೆ ಜೊತೆಗಿದ್ದಾರೆ, ಯಾವ ಕಡೆ ಹೋಟೆಲ್ ಮಾಡೋದು ಅಂತ ಕೇಳಿದ್ದೆನಲ್ಲ? ಮೊನ್ನೆ ವಾಪಸ್ ಬಂದ್ವಿ.

"ದಕ್ಷಿಣಕ್ಕೇ ಹೋಗಿ, ಅಡುಗೆಮನೆ ಇರೋ ರೂಮೇ ಹಿಡೀರಿ" ಅಂದವರಿಗೆ ದೊಡ್ಡ ನಮಸ್ಕಾರ. ದಕ್ಷಿಣ ತೀರದ ಲಾಸ್ ಕ್ರಿಸ್ಟಿಯಾನೋಸ್‌ನಲ್ಲಿ ಉಳಿದ್ವಿ. ಅತ್ತೆ ಬ್ಯಾಗ್ ಬಿಚ್ಚಿದವರೇ ಸಾರಿನ ಪುಡಿ ಡಬ್ಬಿ ತೆಗೆದು ಅನ್ನಕ್ಕಿಟ್ಟರು. ಬಾಲ್ಕನಿಯಲ್ಲಿ ಸಮುದ್ರ ನೋಡ್ತಾ ಬಿಸಿ ಸಾರನ್ನ! ಬೀಚ್ ಪಕ್ಕದ ಕಾಲುದಾರಿ ಸಮತಟ್ಟು, ತಳ್ಳುಗಾಡಿ ಸಲೀಸಾಗಿ ಹೋಯ್ತು.

"ಪೂಲ್ ಇದ್ದರೆ ಸಾಕು" ಅನ್ನೋ ಸಲಹೆ ಮಾತ್ರ ಕೈಕೊಟ್ಟಿತು. ಪೂಲೇನೋ ಇತ್ತು, ನೀರು ಬಿಸಿ ಮಾಡಿರಲಿಲ್ಲ. ಮಗಳು ಒಂದು ಬೆರಳು ಅದ್ದಿ ಕಿರುಚಿದ್ದು ಮೂರನೇ ಮಹಡಿಗೂ ಕೇಳಿಸಿರಬೇಕು. ಚಳಿಗಾಲಕ್ಕೆ ಹೋಗೋರು ಇದನ್ನ ಫೋನ್ ಮಾಡಿಯೇ ಕೇಳಿ.

ಒಂದು ದಿನ ಉತ್ತರದ ಪೋರ್ಟೊ ದೆ ಲಾ ಕ್ರೂಸ್‌ಗೂ ಹೋದ್ವಿ. ಊರು ಚೆಂದ, ಆದರೆ ಮೋಡವೋ ಮೋಡ. 3,715 ಮೀಟರಿನ ತೇಯ್ದೆ ಪರ್ವತ ಆ ಮೋಡಗಳನ್ನ ಉತ್ತರದಲ್ಲೇ ತಡೆಯುತ್ತಂತೆ. ಇನ್ನೊಂದು ಗೊತ್ತಾ? ಲಾಸ್ ತೆರೆಸಿತಾಸ್ ಬೀಚಿನ ಹಳದಿ ಮರಳು ಅಲ್ಲಿಯದಲ್ಲ, ಸಹಾರಾದಿಂದ ಹಡಗಿನಲ್ಲಿ ತಂದು ಸುರಿದದ್ದು!