ಸಹಾಯ ಬೇಕು: ಉಬ್ಬಿದ ಕೆಪಾಸಿಟರ್, ಶಾರ್ಟ್ ಆದ ಮಾಸ್‌ಫೆಟ್
ಹಳೆಯ ಡೆಸ್ಕ್‌ಟಾಪ್ ಗುಂಡಿ ಒತ್ತಿದರೆ ಫ್ಯಾನ್ ಅರೆಕ್ಷಣ ತಿರುಗಿ ನಿಲ್ಲುತ್ತದೆ. ಬೇರೆ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ) ಜೋಡಿಸಿದರೂ ಅದೇ ಕಥೆ. ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಪಕ್ಕದ 6.3 ವೋಲ್ಟ್, 1500 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗಳ ತಲೆ ಉಬ್ಬಿದೆ, ಒಂದರಿಂದ ಕಂದು ದ್ರವವೂ ಒಸರಿದೆ. ಅಷ್ಟೇ ಆಗಿದ್ದರೆ ಲೋ ಇಎಸ್‌ಆರ್ (ಒಳಪ್ರತಿರೋಧ ಕಡಿಮೆ ಇರುವ) ಕೆಪಾಸಿಟರ್ ತಂದು ಬೆಸುಗೆ ಹಾಕಿ ಮುಗಿಸುತ್ತಿದ್ದೆ. ಆದರೆ ಪ್ರೊಸೆಸರ್ ತೆಗೆದು ಅಳೆದಾಗಲೂ ಅಲ್ಲಿನ ಒಂದು ಮಾಸ್‌ಫೆಟ್‌ನ (ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್) ಡ್ರೇನ್ ಮತ್ತು ಸೋರ್ಸ್ ಎಂಬ ಕಾಲುಗಳ ನಡುವೆ ಪ್ರತಿರೋಧ ಹೆಚ್ಚುಕಡಿಮೆ ಸೊನ್ನೆ. ಅದು 12 ವೋಲ್ಟ್ ಒಳಬರುವ ಬದಿಯದು; ಶಾರ್ಟ್ ಆದ ಗಳಿಗೆಯಲ್ಲಿ ಆ 12 ವೋಲ್ಟ್ ನೇರವಾಗಿ ಪ್ರೊಸೆಸರಿಗೇ ನುಗ್ಗಿರಬಹುದೇ ಎಂಬ ಭಯ. ಇನ್ನೊಂದು ಒಳ್ಳೆಯ ಬೋರ್ಡನ್ನು ಬಲಿ ಕೊಡದೆ ಪ್ರೊಸೆಸರ್ ಬದುಕಿದೆಯೇ ಎಂದು ತಿಳಿಯುವ ಉಪಾಯವಿದೆಯೇ? ಮಾಸ್‌ಫೆಟ್ ಜೊತೆಗೆ ಅದನ್ನು ಆನ್-ಆಫ್ ಮಾಡಿಸುವ ಡ್ರೈವರ್ ಐಸಿಯನ್ನೂ ಬದಲಿಸಬೇಕೇ? ಬಲ್ಲವರು ದಯವಿಟ್ಟು ತಿಳಿಸಿ. ಹೊಸದು ಕೊಳ್ಳಿ ಎಂಬ ಸಲಹೆ ಮಾತ್ರ ಬೇಡ, ಅದು ನನಗೂ ಗೊತ್ತು.