ಬದು ಹಾಕಿದರೂ ಮಣ್ಣು ಕೊಚ್ಚಿ ಹೋಗ್ತಿದೆ, ಏನು ಮಾಡೋದು?

ಹೊಸದುರ್ಗದ ರೈತ:
ನಮ್ಮದು ಇಳಿಜಾರು ಹೊಲ, ಕೆಂಪು ಮಣ್ಣು. ಹೋದ ವರ್ಷ ರಾಗಿ ಬಿತ್ತಿದ ವಾರಕ್ಕೇ ಜೋರು ಮಳೆ. ಬದು ಒಡೆದು, ಮೊಳಕೆ ಸಮೇತ ಮಣ್ಣು ಹಳ್ಳ ಸೇರಿತು. ಹಳ್ಳದ ನೀರು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದು ನೋಡಿ ಹೊಟ್ಟೆ ಉರಿಯಿತು. ಈ ಸಲ ಹನ್ನೆರಡು ಮನೆಯವರು ಸೇರಿ ಕೆಲಸ ಮಾಡುತ್ತೇವೆ. ಎಲ್ಲಿಂದ ಶುರು ಮಾಡಬೇಕು?

ಗುಂಡ್ಲುಪೇಟೆ ಕಡೆಯವನು:
ಮೇಲಿನ ಹೊಲದಿಂದ ಅಣ್ಣ. ಅಲ್ಲಿ ನೀರಿನ ಓಟ ತಗ್ಗದಿದ್ದರೆ ಕೆಳಗೆ ಎಷ್ಟು ದಪ್ಪ ಬದು ಹಾಕಿದರೂ ಸುಮ್ನೆ. ಬದು ಒಂದೇ ಮಟ್ಟದಲ್ಲಿ ಸಾಗಬೇಕು. ಮೇಲ್ತುದಿ ಸೇರಿಸಿ ಕಟ್ಟಿದ ಎರಡು ಗಳ, ಅಡ್ಡಕ್ಕೊಂದು ಕೋಲು, ಆ ತುದಿಯಿಂದ ದಾರದಲ್ಲಿ ಇಳಿಬಿಟ್ಟ ಕಲ್ಲು, ಇಷ್ಟಿದ್ದರೆ ಮಟ್ಟ ಹಿಡಿಯಬಹುದು. ಹೆಚ್ಚಾದ ನೀರಿಗೆ ಕಲ್ಲು ಜೋಡಿಸಿದ ಕೋಡಿ ಬಿಟ್ಟಿದ್ದಿರಾ? ಅದಿಲ್ಲದೆ ಒಡೆದಿರಬಹುದು. ನಮ್ಮ ಕಡೆ ಬದುವಿನ ಮೇಲೆ ಲಾವಂಚದ ಹುಲ್ಲು ನೆಡುವುದು ಹಿರಿಯರ ಕಾಲದ ರೂಢಿ. ಬೇರು ನೇರ ಕೆಳಗಿಳಿಯುತ್ತದೆ, ಬೆಳೆಗೆ ಅಡ್ಡ ಬರುವುದಿಲ್ಲ. ಒತ್ತೊತ್ತಾಗಿ ನೆಡಿ, ಸಂದು ಬಿಟ್ಟರೆ ನೀರು ಅಲ್ಲೇ ನುಗ್ಗುತ್ತದೆ.

ಕೋಲಾರದ ಅಕ್ಕ:
ನೀರಿನ ಲೆಕ್ಕವನ್ನೂ ಇಡಿ. 1 ಮಿಲಿಮೀಟರ್ ಮಳೆ ಅಂದರೆ ಎಕರೆಗೆ ಸುಮಾರು 4,000 ಲೀಟರ್. ಮಳೆಮಾಪಕ ಒಂದಿರಲಿ. ತೆರೆದ ಬಾವಿಗೆ ಗಂಟು ಹಾಕಿದ ಹಗ್ಗ ಬಿಟ್ಟು ತಿಂಗಳಿಗೊಮ್ಮೆ ಮಟ್ಟ ಅಳೆದು, ಗೋಡೆ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಿರಿ. ಮಹಾರಾಷ್ಟ್ರದ ಹಿವರೆ ಬಜಾರ್ ಅನ್ನೋ ಹಳ್ಳಿಯಲ್ಲಿ ಸಿಕ್ಕ ನೀರು ನೋಡಿಕೊಂಡೇ ಊರಿನವರು ಬೆಳೆ ತೀರ್ಮಾನಿಸುತ್ತಾರೆ. ನಿಮ್ಮೂರಲ್ಲೂ ಆಗುತ್ತದೆ, ಅಲ್ವಾ?

ಹೊಸದುರ್ಗದ ರೈತ:
ಕೋಡಿ ಬಿಟ್ಟಿರಲಿಲ್ಲ ಅಣ್ಣ. ಲಾವಂಚದ ಸಸಿ ಎಲ್ಲಿ ಸಿಗುತ್ತದೆ?